ರೋಮಿಯೋ–ಜೂಲಿಯೆಟ್ ಅನ್ನು 90 ನಿಮಿಷಕ್ಕೆ ಇಳಿಸುವಾಗ ಕ್ಯಾಪುಲೆಟ್ ಮನೆಯ ದೃಶ್ಯಗಳಿಗೆ ಕತ್ತರಿ ಹಾಕಬಹುದೇ?

ಮೂರನೇ_ಬೆಲ್
ಹವ್ಯಾಸಿ ತಂಡವೊಂದಕ್ಕೆ ರೋಮಿಯೋ–ಜೂಲಿಯೆಟ್‌ನ ಕನ್ನಡ ರಂಗಪ್ರತಿ ಸಿದ್ಧವಾಗ್ತಿದೆ. 12 ನಟರು, 90 ನಿಮಿಷ, ಮಧ್ಯಂತರ ಇಲ್ಲ. ಮೂಲ ಸುಮಾರು 3000 ಸಾಲು. ಅರ್ಧಕ್ಕಿಂತ ಹೆಚ್ಚು ಹೋಗಲೇಬೇಕು.

ಈಗಿನ ಕರಡಿನಲ್ಲಿ ಔತಣ, ಕಿಟಕಿ, ಮದುವೆ, ಕತ್ತಿ ಕಾಳಗ, ವಿದಾಯ, ವಿಷ, ಗೋರಿ ಇಷ್ಟೂ ಉಳಿದಿವೆ. ತೆಗೆದದ್ದು 3.4 (ಅಂದರೆ ಮೂರನೇ ಅಂಕದ ನಾಲ್ಕನೇ ದೃಶ್ಯ; ಜೂಲಿಯೆಟ್ ಅಪ್ಪ ಕ್ಯಾಪುಲೆಟ್, ಮಗಳನ್ನು ಕೊಡ್ತೀನಿ ಅಂತ ಪ್ಯಾರಿಸ್ ಅನ್ನೋ ಕುಲೀನನಿಗೆ ಮಾತು ಕೊಡೋದು), 4.2 (ಆ ಮದುವೆ ಒಂದು ದಿನ ಮುಂಚೆಯೇ ಅಂತ ಆಗೋದು), 4.4 (ಅಡುಗೆಮನೆ ಗಡಿಬಿಡಿ), 5.2 (ಜೂಲಿಯೆಟ್ ನಿಜಕ್ಕೂ ಸತ್ತಿಲ್ಲ ಅಂತ ರೋಮಿಯೋಗೆ ಬರೆದ ಪತ್ರವನ್ನು ಪಾದ್ರಿ ಜಾನ್ ವಾಪಸ್ ತರೋದು). ಓದಿದವರೆಲ್ಲ ಎರಡೇ ಪ್ರಶ್ನೆ ಕೇಳ್ತಿದಾರೆ. ಜೂಲಿಯೆಟ್ ಗಡೀಪಾರಾದ ರೋಮಿಯೋ ಜತೆಗೇ ಮಾಂಟುವಾ ಊರಿಗೆ ಹೋಗಬಹುದಿತ್ತಲ್ಲ? ಮದುವೆ ಆಗಿದೆ ಅಂತ ಅಪ್ಪನಿಗೆ ಹೇಳಿದ್ರೆ ಮುಗೀತಿತ್ತಲ್ಲ? ಇದಕ್ಕೆ ರಂಗದ ಮೇಲೆ ಉತ್ತರ ಸಿಗೋ ಹಾಗೆ ಎಲ್ಲಿ ಕತ್ತರಿಸಬೇಕು?

ನೇಪಥ್ಯ
ಆ ಎರಡು ಪ್ರಶ್ನೆಗೆ ಉತ್ತರ ಇರೋದೇ ನೀವು ತೆಗೆದ ದೃಶ್ಯಗಳಲ್ಲಿ. ನಾಲ್ಕೂ ಸೇರಿದರೆ ಸುಮಾರು 140 ಸಾಲು. 90 ನಿಮಿಷಕ್ಕೆ 1400 ಸಾಲಿನ ಲೆಕ್ಕ ಹಿಡಿದರೆ ಒಂಬತ್ತು ನಿಮಿಷ. ಅಷ್ಟು ಜಾಗ ಬೇರೆ ಕಡೆ ಧಾರಾಳವಾಗಿ ಸಿಗುತ್ತೆ.

ಮೊದಲನೇ ಪ್ರಶ್ನೆ ನೋಡಿ. ಮಂಗಳವಾರ ಬೆಳಗಿನ ಜಾವ ರೋಮಿಯೋ ಕಿಟಕಿಯಿಂದ ಇಳಿದು ಹೋಗುವಾಗ ಪ್ಯಾರಿಸ್ ಜತೆ ಮದುವೆ ನಿಶ್ಚಯವಾಗಿರೋದು ಇಬ್ಬರಿಗೂ ಗೊತ್ತಿಲ್ಲ. ಅವರಿಗೆ ಗೊತ್ತಿರೋದು ಪಾದ್ರಿ ಲಾರೆನ್ಸ್ 3.3ರಲ್ಲಿ ಹಾಕಿಕೊಟ್ಟ ಯೋಜನೆ: ನೀನು ಮಾಂಟುವಾದಲ್ಲಿರು, ನಾನು ಸಮಯ ನೋಡಿ ಮದುವೆ ವಿಷಯ ಬಹಿರಂಗ ಮಾಡ್ತೀನಿ, ಎರಡೂ ಮನೆ ಒಂದು ಮಾಡ್ತೀನಿ, ರಾಜನ ಕ್ಷಮೆ ಬೇಡ್ತೀನಿ. ಅದನ್ನು ನಂಬಿ ಕಾಯೋಕೆ ಇಬ್ಬರೂ ಒಪ್ಪಿದಾರೆ. ಅವನು ಇಳಿದು ಹೋದ ಬೆನ್ನಿಗೇ ತಾಯಿ ಬಂದು ಗುರುವಾರ ಮದುವೆ ಅಂತಾಳೆ. 3.4 ಇಲ್ಲದಿದ್ರೆ ಈ ಏಟು ಎಲ್ಲಿಂದ ಬಂತು ಅಂತಲೇ ಪ್ರೇಕ್ಷಕನಿಗೆ ಗೊತ್ತಾಗಲ್ಲ.

ಬೆಳಕಿನ_ಕಂಬ
ನಾನು ಒಪ್ಪಲ್ಲ. ಜನ ಬರೋದು ಪ್ರೇಮ ನೋಡೋಕೆ. ಅಪ್ಪ ಒಬ್ಬ ಕೂತು ದಿನ ಎಣಿಸೋ ದೃಶ್ಯ 90 ನಿಮಿಷದ ಆಟದಲ್ಲಿ ಭಾರ ಆಗುತ್ತೆ. ದಾದಿಯ ಬಾಯಲ್ಲಿ ಒಂದು ಸಾಲು ಹಾಕಿ, "ನಿನ್ನಪ್ಪ ಪ್ಯಾರಿಸ್‌ಗೆ ಮಾತು ಕೊಟ್ಟಾಯ್ತು". ಮುಗೀತು.

ಧಾರವಾಡದ_ಓದುಗ
ಹಂಗ ಮಾಡಿದ್ರ ನಾಟಕದ ಬೆನ್ನೆಲುಬು ಮುರದಂಗ ಆಗ್ತದ್ರೀ. 3.4 ನಡೆಯೋ ಹೊತ್ತಿಗೆ ಮ್ಯಾಲಿನ ಕೋಣ್ಯಾಗ ರೋಮಿಯೋ ಜೂಲಿಯೆಟ್ ಕೂಡಿ ಅದಾರ. ಕೆಳಗ ಅಪ್ಪ ಹೇಳ್ತಾನ, "ನನ್ನ ಮಗಳು ನನ್ನ ಮಾತು ಮೀರೂದಿಲ್ಲ." ಮ್ಯಾಲೆ ಆಕಿ ಆಗಲೇ ಇನ್ನೊಬ್ಬನ ಹೆಂಡತಿ. ಎರಡೂ ಒಂದೇ ಸಲ ಪ್ರೇಕ್ಷಕನ ಕಣ್ಣಿಗೆ ಬೀಳಬೇಕು. ದಾದಿ ಒಂದು ಸಾಲಿನ್ಯಾಗ ಹೇಳಿದ್ರ ಸುದ್ದಿ ಮುಟ್ಟತದ, ಆ ಎರಡಂತಸ್ತು ಕಾಣೂದಿಲ್ಲ.

ಇನ್ನೊಂದು ಮಾತು. ಎಲ್ಲಾರೂ ಎರಡು ಮನೆತನದ ಜಗಳ ಅಂತ ಹೇಳ್ಕೋತ ಹೋಗ್ತಾರ. ಹಿರಿಯರು ಆ ಜಗಳಕ್ಕ ದಣದು ಹೋಗ್ಯಾರ. 1.2ರಾಗ ಕ್ಯಾಪುಲೆಟ್ ತಾನs ಹೇಳ್ತಾನ, ನಮ್ಮಂಥ ಮುದುಕರಿಗೆ ಶಾಂತಿ ಕಾಯೂದು ಕಷ್ಟ ಅಲ್ಲ ಅಂತ. ಔತಣದಾಗ ರೋಮಿಯೋನ್ನ ಕಂಡು ಜೂಲಿಯೆಟ್ ಸೋದರಸಂಬಂಧಿ ಟಿಬಾಲ್ಟ್ ಕತ್ತಿ ಕೇಳಿದ್ರ ಅವನ್ನ ಬೈದು ಕೂಡಸ್ತಾನ, "ಆ ಹುಡುಗನ ಬಗ್ಗೆ ವೆರೋನಾ ಊರೇ ಹೆಮ್ಮೆ ಪಡ್ತದ" ಅಂತಾನ. ರೋಮಿಯೋನ ಅಪ್ಪ ಮಾಂಟೆಗ್ಯೂ ಇಡೀ ನಾಟಕದಾಗ ಕಾಣೂದು ಮೂರೇ ದೃಶ್ಯದಾಗ. ಖರೇ ಸಂಘರ್ಷ ಇರೂದು ಕ್ಯಾಪುಲೆಟ್ ಮನಿ ಒಳಗ, ಅಪ್ಪ ಮಗಳ ನಡುವ.

ನೇಪಥ್ಯ
ಇದೇ ನನ್ನ ವಾದವೂ. 1.2ರಲ್ಲಿ ಅದೇ ಅಪ್ಪ ಪ್ಯಾರಿಸ್‌ಗೆ ಹೇಳ್ತಾನೆ: ಇನ್ನೆರಡು ಬೇಸಿಗೆ ಕಳೀಲಿ, ಮೊದಲು ಅವಳ ಮನಸ್ಸು ಗೆಲ್ಲು, ನನ್ನ ಒಪ್ಪಿಗೆ ಅವಳ ಒಪ್ಪಿಗೆಯ ಒಂದು ಭಾಗ ಮಾತ್ರ. ಅದು ಭಾನುವಾರ. ಮಂಗಳವಾರ ಬೆಳಿಗ್ಗೆ 3.5ರಲ್ಲಿ ಅದೇ ಬಾಯಿ "ನೇಣು ಹಾಕ್ಕೋ, ಭಿಕ್ಷೆ ಬೇಡು, ಬೀದೀಲಿ ಸಾಯಿ" ಅನ್ನುತ್ತೆ. ಎರಡು ದಿನದಲ್ಲಿ ಇಷ್ಟು ಬದಲಾಗೋ ಅಪ್ಪನನ್ನು ಕ್ರೂರಿ ಅಂತ ಮೊದಲಿಂದಲೇ ಆಡಿದರೆ ಪಾತ್ರ ಹಾಳಾಗುತ್ತೆ. 1.2ರಲ್ಲಿ ಅವನು ಊರಿಗೆಲ್ಲ ಊಟ ಹಾಕೋ, ಮಗಳನ್ನು ಮುದ್ದಿಸೋ ಯಜಮಾನ. 1.2ರ ಆ ಹತ್ತಿಪ್ಪತ್ತು ಸಾಲು ಕತ್ತರಿಸಬೇಡಿ.

ಹಳೇ_ಪ್ರತಿ
ಕತ್ತರಿಸೋ ಮುಂಚೆ 1597ರ ಮೊದಲ ಕ್ವಾರ್ಟೊ (ಆ ಕಾಲದ ಅಚ್ಚಿನ ಪುಸ್ತಕ) ತೆಗೆದು ನೋಡಿ. ನಾವು ಓದೋ ಪಠ್ಯ 1599ರ ಎರಡನೇ ಕ್ವಾರ್ಟೊದ್ದು. ಮೊದಲನೆಯದು ಸುಮಾರು 2200 ಸಾಲು. ಅದನ್ನು ಕೆಟ್ಟ ಪ್ರತಿ ಅಂತ ವಿದ್ವಾಂಸರು ಬಹಳ ಕಾಲ ಬದಿಗಿಟ್ಟಿದ್ದರು. ರಂಗದವರಿಗೆ ಮಾತ್ರ ಅದು ಚಿನ್ನ, ರಂಗಸೂಚನೆಗಳು ಅಷ್ಟು ಸ್ಪಷ್ಟ:

"ಟಿಬಾಲ್ಟ್ ರೋಮಿಯೋನ ತೋಳಿನ ಕೆಳಗಿಂದ ಮರ್ಕ್ಯೂಷಿಯೋಗೆ ಚುಚ್ಚಿ ಓಡುತ್ತಾನೆ." ಮರ್ಕ್ಯೂಷಿಯೋ ಅಂದರೆ ರೋಮಿಯೋನ ಗೆಳೆಯ.
"ಜೂಲಿಯೆಟ್ ಕೊಂಚ ವೇಗವಾಗಿ ಬಂದು ರೋಮಿಯೋನನ್ನು ತಬ್ಬುತ್ತಾಳೆ." ಇದು ಮದುವೆ ದೃಶ್ಯ. ಅವಳನ್ನು ನಾಚಿಕೊಂಡು ನಿಧಾನಕ್ಕೆ ನಡೆಸೋ ನಿರ್ದೇಶಕರು ಇದನ್ನು ಓದಬೇಕು.
"ಪರದೆಯ ಒಳಗೆ ಹಾಸಿಗೆಯ ಮೇಲೆ ಬೀಳುತ್ತಾಳೆ." ಇದು ಜೂಲಿಯೆಟ್ ಸತ್ತ ಹಾಗೆ ಮಲಗಿಸೋ ಔಷಧಿ ಕುಡಿದ ಮೇಲೆ.
3.3ರಲ್ಲಿ ರೋಮಿಯೋ ಇರಿದುಕೊಳ್ಳೋಕೆ ಹೋದಾಗ ದಾದಿ ಕಠಾರಿ ಕಿತ್ತುಕೊಳ್ಳುತ್ತಾಳೆ. ಈಗಿನ ಬಹುಪಾಲು ಪ್ರಯೋಗಗಳಲ್ಲಿ ಆ ಕೆಲಸ ಪಾದ್ರಿಗೆ ಹೋಗಿರುತ್ತೆ.

ಸೈಡ್‌ವಿಂಗ್
ಎರಡನೇ ಕ್ವಾರ್ಟೊದಲ್ಲೂ ಒಂದು ರತ್ನ ಇದೆ. 4.5ರಲ್ಲಿ ಸೇವಕ ಪೀಟರ್ ಬರೋ ಜಾಗದಲ್ಲಿ "ವಿಲ್ ಕೆಂಪ್ ಪ್ರವೇಶ" ಅಂತ ನಟನ ಹೆಸರೇ ಅಚ್ಚಾಗಿದೆ. ತಂಡದ ಹಾಸ್ಯನಟನಿಗೆ ಅಂತಲೇ ಬರೆದ ತುಂಡು ಅದು. ವಾದ್ಯಗಾರರ ಜತೆಗಿನ ಆ ಹರಟೆಯನ್ನು ಪೂರ್ತಿ ತೆಗೆದರೂ ಕಥೆಗೆ ಏನೂ ಆಗಲ್ಲ.

ಮೂರನೇ_ಬೆಲ್
ಅದು ಹೋಗಿದೆ. ಎರಡನೇ ಅಂಕದ ಮುಂಚಿನ ಸೂತ್ರಧಾರನ ಮಾತು, 1.5ರ ಶುರುವಿನ ಆಳುಗಳ ಮಾತು, 2.4ರ ಶ್ಲೇಷೆಗಳು ಕೂಡ ಹೋಗಿವೆ. ಸರಿ, 3.4 ವಾಪಸ್ ಬರಲಿ. ಆದರೆ ಅಡುಗೆಮನೆ ದೃಶ್ಯ ಯಾಕೆ ಬೇಕು ಅಂತ ಯಾರಾದ್ರೂ ಹೇಳಿ.

ಧಾರವಾಡದ_ಓದುಗ
4.2 ಮೊದಲು ನೋಡೂಣ್ರೀ, 4.4 ಅದರ ಬಾಲ. ಜೂಲಿಯೆಟ್ ಪಾದ್ರಿ ಹಂತ್ಯಾಕಿಂದ ಔಷಧಿ ತಗೊಂಡು ಮನೀಗೆ ಬರ್ತಾಳ. ಅಪ್ಪನ ಮುಂದ ಮಂಡಿಯೂರಿ ಕ್ಷಮಾ ಕೇಳ್ತಾಳ, "ಇನ್ನ ಮ್ಯಾಲೆ ನೀವು ಹೇಳಿದಂಗ ಕೇಳ್ತೀನಿ." ಅದು ಸುಳ್ಳು. ಆದ್ರ ಎಷ್ಟು ಚೊಲೋ ಹೇಳ್ತಾಳಂದ್ರ ಅಪ್ಪಗ ಆನಂದ ತಡಿಯೂದಿಲ್ಲ. "ಗುರುವಾರ ಯಾಕ, ನಾಳೆನs ಮದುವಿ!" ಅಂತಾನ. ತಾಯಿ ಬ್ಯಾಡ ಅಂತಾಳ, ತಯಾರಿ ಆಗಿಲ್ಲ, ಗುರುವಾರ ಸಾಕು ಅಂತಾಳ. ಕೇಳೂದಿಲ್ಲ. ಆ ಒಂದು ದಿನ ಮಗಳನ್ನ ಕೊಲ್ಲತದ. ಅವನ ಸಿಟ್ಟು ಮಾಡದ್ದನ್ನ ಅವನ ಖುಷಿ ಮಾಡತದ. ಇಂಥಾ ತಿರುವು ಬಿಟ್ಟು ಗೋರಿ ದೃಶ್ಯಕ್ಕ ಹೋದ್ರ ಅದು ಬರೇ ಅಪಘಾತ ಆಗತದ.

ಬೆಳಕಿನ_ಕಂಬ
ಮದುವೆ ಒಂದು ದಿನ ಮುಂಚೆ ಅಂತ ಆದದ್ದಕ್ಕೂ ಸಾವಿಗೂ ಸಂಬಂಧ ಏನು? ಪತ್ರ ತಲುಪದೇ ಹೋದದ್ದು ಪ್ಲೇಗಿನಿಂದ. ಪಾದ್ರಿ ಜಾನ್ ಜತೆಗಾರನನ್ನು ಹುಡುಕ್ಕೊಂಡು ರೋಗಿಗಳಿರೋ ಮನೆಗೆ ಹೋದ, ಊರಿನ ತಪಾಸಣೆಯವರು ಪ್ಲೇಗ್ ಅನುಮಾನ ಅಂತ ಬಾಗಿಲು ಮುದ್ರೆ ಹಾಕಿದರು. ಮದುವೆ ಯಾವ ದಿನ ಇದ್ರೂ ಅದು ಆಗ್ತಿತ್ತು.

ನೇಪಥ್ಯ
ಸಂಬಂಧ ಇದೆ, ವಾರದ ದಿನಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಪಾದ್ರಿಯ ಯೋಜನೆಯಲ್ಲಿ ಅವಳು ಬುಧವಾರ ರಾತ್ರಿ ಕುಡೀಬೇಕು, ಗುರುವಾರ ಬೆಳಿಗ್ಗೆ ಸತ್ತ ಹಾಗೆ ಕಾಣಬೇಕು. ಅಂದರೆ ಮಾಂಟುವಾಕ್ಕೆ ಸಾವಿನ ಸುದ್ದಿ ಹೊರಡೋದು ಗುರುವಾರ. ಅಪ್ಪ ದಿನ ಬದಲಿಸಿದ್ದಕ್ಕೆ ಅವಳು ಮಂಗಳವಾರ ರಾತ್ರಿಯೇ ಕುಡೀತಾಳೆ. ರೋಮಿಯೋನ ಆಳು ಬಾಲ್ತಜಾರ್ ಶವ ಇಟ್ಟಿದ್ದನ್ನು ಕಣ್ಣಾರೆ ಕಂಡು ನೇರ ಮಾಂಟುವಾಕ್ಕೆ ಓಡ್ತಾನೆ. ದೂರ ಸುಮಾರು 40 ಕಿ.ಮೀ., ಕುದುರೆಗೆ ಅರ್ಧ ದಿನ. ಸುಳ್ಳು ಸುದ್ದಿ ಒಂದು ದಿನ ಮುಂಚೆ ಹೊರಟಿತು, ನಿಜ ಸುದ್ದಿ ಬಾಗಿಲ ಹಿಂದೆ ಸಿಕ್ಕಿಕೊಂಡಿತ್ತು. ಒಂದು ದಿನ ಹೆಚ್ಚಿಗೆ ಇದ್ದಿದ್ದರೆ ಜಾನ್ ಬಿಡುಗಡೆಯಾಗಿ ಲಾರೆನ್ಸ್ ಹತ್ತಿರ ಬರೋ ಹೊತ್ತಿಗೆ ಬೇರೆ ಆಳು ಕಳಿಸೋಕೆ ಸಮಯ ಉಳೀತಿತ್ತು. ಪ್ಲೇಗು ಮತ್ತು ಅಪ್ಪನ ಅವಸರ ಎರಡೂ ಸೇರಿಯೇ ಕೊಲ್ಲೋದು.

ಹಳೇ_ಪ್ರತಿ
ಇದಕ್ಕೆ ಒಂದು ಸೇರ್ಪಡೆ. 3.3ರಲ್ಲಿ ಲಾರೆನ್ಸ್ ರೋಮಿಯೋಗೆ ಹೇಳೋದು "ನಿನ್ನ ಆಳಿನ ಕೈಲೇ ಆಗಾಗ ಸುದ್ದಿ ಕಳಿಸ್ತೀನಿ" ಅಂತ. 4.1ರಲ್ಲಿ ಮಾತ್ರ ಆಳನ್ನು ಬಿಟ್ಟು ಇನ್ನೊಬ್ಬ ಪಾದ್ರಿ ಕೈಗೆ ಪತ್ರ ಕೊಡ್ತಾನೆ. ಬಾಲ್ತಜಾರ್‌ಗೆ ಗುಟ್ಟು ಗೊತ್ತಿಲ್ಲದ್ದರಿಂದಲೇ ಕಂಡದ್ದನ್ನು ನಿಜ ಅಂತ ಒಯ್ಯುತ್ತಾನೆ. 5.1ರಲ್ಲಿ ರೋಮಿಯೋ ಎರಡು ಸಲ ಕೇಳ್ತಾನೆ: ಬಂದ ತಕ್ಷಣ "ಪಾದ್ರಿಯಿಂದ ಪತ್ರ ತಂದೆಯಾ?", ಸಾವಿನ ಸುದ್ದಿ ಕೇಳಿದ ಮೇಲೆ ಮತ್ತೆ "ಪಾದ್ರಿಯಿಂದ ಪತ್ರ ಇಲ್ಲವಾ?" ಎರಡನೇ ಸಲಕ್ಕೆ ಬಾಲ್ತಜಾರ್ "ಇಲ್ಲ ಸ್ವಾಮಿ" ಅಂತಾನೆ. ಈ ಎರಡೂ ಪ್ರಶ್ನೆ ಉಳಿಸಿ. ಎರಡನೆಯದಕ್ಕೂ ಉತ್ತರಕ್ಕೂ ನಡುವೆ ನಟ ಒಂದು ಉಸಿರು ಬಿಟ್ಟರೆ ಸಾಕು, ಸಭೆ ಅಲುಗಾಡಲ್ಲ.

ಎಣಿಕೆ_ಮಣಿ
ದಿನದ ಲೆಕ್ಕ ಬಂತಲ್ಲ, ಒಂದು ತಕರಾರು. ಔಷಧಿಯ ಅವಧಿ 42 ಗಂಟೆ. ಮಂಗಳವಾರ ರಾತ್ರಿ 11ಕ್ಕೆ ಕುಡಿದಳು ಅಂದ್ಕೊಳ್ಳಿ, ಎಚ್ಚರ ಆಗಬೇಕಾದ್ದು ಗುರುವಾರ ಸಂಜೆ 5ಕ್ಕೆ. ಗೋರಿ ದೃಶ್ಯ ನಡು ರಾತ್ರಿ. ಬುಧವಾರ ರಾತ್ರಿ ಅಂದರೆ 42 ತುಂಬಿಲ್ಲ, ಗುರುವಾರ ರಾತ್ರಿ ಅಂದರೆ ದಾಟಿಹೋಗಿದೆ. ಲೆಕ್ಕ ಕೂಡಲ್ಲ.

ನೇಪಥ್ಯ
ಕಾವಲುಗಾರ 5.3ರಲ್ಲಿ "ಎರಡು ದಿನದಿಂದ ಇಲ್ಲಿ ಮಲಗಿದ್ದವಳು" ಅಂತಾನೆ. ಅದನ್ನು ಹಿಡಿದರೆ ಗುರುವಾರ ರಾತ್ರಿ. ಕೆಲವು ಗಂಟೆ ಹೆಚ್ಚುಕಡಿಮೆ.

ಎಣಿಕೆ_ಮಣಿ
ಹಾಗಾದ್ರೆ ಬಾಲ್ತಜಾರ್ ಬುಧವಾರವೇ ಹೊರಟವನು ಮಾಂಟುವಾಕ್ಕೆ ಯಾವಾಗ ತಲುಪಿದ? ರೋಮಿಯೋ "ಇವತ್ತೇ ರಾತ್ರಿ ಹೊರಡ್ತೀನಿ" ಅಂತಾನೆ. ಅದು ಬುಧವಾರ ಆಗಲೇಬೇಕು. ಒಂದು ಕಡೆ ಸರಿಪಡಿಸಿದರೆ ಇನ್ನೊಂದು ಕಡೆ ಹರಿಯುತ್ತೆ. ರಂಗಪ್ರತಿಯಲ್ಲಿ 42 ತೆಗೆದು "ಒಂದು ಹಗಲು ಎರಡು ರಾತ್ರಿ" ಅಂತ ಹಾಕಿ, ಜಗಳವೇ ಇರಲ್ಲ.

ಹಳೇ_ಪ್ರತಿ
42 ತೆಗೀಬೇಡಿ. ರಂಗದಲ್ಲಿ ಯಾರೂ ಗಡಿಯಾರ ಹಿಡಿದು ಕೂರಲ್ಲ. ಆ ಸಂಖ್ಯೆಯಿಂದ ಗೊತ್ತಾಗೋದು ಲಾರೆನ್ಸ್‌ನ ಆತ್ಮವಿಶ್ವಾಸ. 40 ಅಲ್ಲ, 45 ಅಲ್ಲ, ಕರಾರುವಾಕ್ಕಾಗಿ 42. ಗಿಡಮೂಲಿಕೆ ಬಲ್ಲವನ ನಿಖರತೆ ಅದು. ಔಷಧಿ ಅವನು ಹೇಳಿದ ಹಾಗೇ ಕೆಲಸ ಮಾಡುತ್ತೆ. ತಪ್ಪೋದೆಲ್ಲ ಮನುಷ್ಯರದ್ದು. ಅದಕ್ಕೇ 2.3ರಲ್ಲಿ ಬುಟ್ಟಿ ಹಿಡಿದು ಅವನು ಹೇಳೋ ಮಾತು, ಒಂದೇ ಹೂವಿನಲ್ಲಿ ವಿಷವೂ ಮದ್ದೂ ಇದೆ ಅನ್ನೋದು, ಎಂಟು ಸಾಲಾದರೂ ಉಳೀಬೇಕು.

ಎಣಿಕೆ_ಮಣಿ
ಸಂಖ್ಯೆ ಉಳಿಸಿದರೆ ವಾರದ ಹೆಸರುಗಳನ್ನೂ ಉಳಿಸಿ. ಸೋಮವಾರ, ಗುರುವಾರ, ನಾಳೆ. ದಿನ ಹೇಳೋ ಸಾಲೆಲ್ಲ ಕತ್ತರಿಸಿದರೆ ವೇಗ ಹೋಗುತ್ತೆ. 1562ರಲ್ಲಿ ಆರ್ಥರ್ ಬ್ರೂಕ್ ಬರೆದ ಮೂಲ ಕಥನಕಾವ್ಯದಲ್ಲಿ ಇದೆಲ್ಲ ತಿಂಗಳುಗಟ್ಟಲೆ ನಡೆಯುತ್ತೆ. ಷೇಕ್ಸ್‌ಪಿಯರ್ ಭಾನುವಾರದಿಂದ ಗುರುವಾರ–ಶುಕ್ರವಾರದೊಳಗೆ ಮುಗಿಸ್ತಾನೆ. ಆ ಬಿಗಿ ಅವನದೇ.

ಕರಿಕೋಟು
ಎರಡನೇ ಪ್ರಶ್ನೆಗೆ, ಅಂದರೆ ಅಪ್ಪನಿಗೆ ಯಾಕೆ ಹೇಳಲಿಲ್ಲ ಅನ್ನೋದಕ್ಕೆ, ಯಾರೂ ಕೈ ಹಾಕಿಲ್ಲ. ಗುಟ್ಟಿನ ಮದುವೆಯೂ ಆ ಕಾಲದ ಇಂಗ್ಲೆಂಡಿನ ಚರ್ಚ್ ಕಾನೂನಿನಲ್ಲಿ ಮದುವೆಯೇ. ಇಬ್ಬರೂ ಒಪ್ಪಿ ಮಾತು ಕೊಟ್ಟರೆ ಬಂಧನ ಆಯ್ತು. ಮೇಲಾಗಿ ಸೋಮವಾರ ರಾತ್ರಿ ಅವರು ಕೂಡಿದಾರೆ, ರದ್ದು ಮಾಡೋ ದಾರಿಯೂ ಮುಚ್ಚಿತು. ಪ್ಯಾರಿಸ್‌ನನ್ನು ಮದುವೆಯಾದರೆ ಅವಳಿಗೆ ಅದು ಮಹಾಪಾಪ. ಲಾರೆನ್ಸ್ ತಾನೇ ಮಾಡಿಸಿದ ಮದುವೆಯ ಮೇಲೆ ಇನ್ನೊಂದು ಮಾಡಿಸೋ ಹಾಗಿಲ್ಲ.

ಅಪ್ಪನಿಗೆ ಹೇಳಿದರೆ ಏನಾಗುತ್ತೆ? ಮದುವೆಯಾದ ಸುಮಾರು ಒಂದು ಗಂಟೆಯೊಳಗೆ ಗಂಡ ಅವಳ ಸೋದರಸಂಬಂಧಿ ಟಿಬಾಲ್ಟ್‌ನನ್ನು ಕೊಂದಿದಾನೆ. ಗಡೀಪಾರಾದವನು ವೆರೋನಾದಲ್ಲಿ ಕಂಡರೆ ಸಾವು. ತಾಯಿ 3.5ರಲ್ಲಿ ಮಗಳ ಎದುರೇ ಹೇಳ್ತಾಳೆ, ಮಾಂಟುವಾಕ್ಕೆ ಆಳು ಕಳಿಸಿ ರೋಮಿಯೋಗೆ ವಿಷ ಹಾಕಿಸ್ತೀನಿ ಅಂತ. ಆ ಒಂದು ಮಾತು ಕೇಳಿದ ಹುಡುಗಿ ಗಂಡನ ಹೆಸರು ಬಾಯಿಬಿಡ್ತಾಳಾ? ನಿಮ್ಮ ಕರಡಿನಲ್ಲಿ ಆ ಸಾಲು ಇದೆಯಾ?

ಮೂರನೇ_ಬೆಲ್
ಇಲ್ಲ. ಈಗ ಸೇರಿಸ್ತೀನಿ.

ಧಾರವಾಡದ_ಓದುಗ
ಹಂಗs ದಾದಿ ಮಾತೂ ನೋಡ್ರಿ. ಅಪ್ಪ ಬೈದ ಹೋದ, ತಾಯಿ "ಈ ದಡ್ಡಿ ಗೋರಿ ಜೋಡಿ ಮದುವಿ ಆಗಲಿ" ಅಂದು ಮಾರಿ ತಿರುವಿದಳು. ಉಳದಾಕಿ ದಾದಿ ಒಬ್ಬಾಕಿ, ಹಾಲು ಕುಡಿಸಿದಾಕಿ, ಹಗ್ಗದ ಏಣಿ ತಂದುಕೊಟ್ಟಾಕಿ. ಆಕೀನೂ ಹೇಳ್ತಾಳ, "ಪ್ಯಾರಿಸ್‌ನ ಮದುವಿ ಆಗಿಬಿಡು, ರೋಮಿಯೋ ಅವನ ಮುಂದ ಪಾತ್ರೆ ಒರಸೋ ಅರಿವಿ." ದಾದಿ ಕೆಟ್ಟಾಕಿ ಅಲ್ಲ, ಹುಡುಗಿ ಜೀವ ಉಳೀಲಿ ಅಂತ ತನಗ ತಿಳಿದ ದಾರಿ ಹೇಳ್ತಾಳ. ಆಕೀನ್ನ ಬರೇ ನಗಿಸೋ ಪಾತ್ರ ಮಾಡಬ್ಯಾಡ್ರಿ. ಆ ಕ್ಷಣಕ್ಕ ಜೂಲಿಯೆಟ್ ಪೂರಾ ಒಂಟಿ.

ಹೊಸಪರದೆ
ಇಷ್ಟೆಲ್ಲ ವೆರೋನಾ ಯಾಕೆ? ಎರಡು ಜಾತಿಯ ಮನೆಗಳು ಅಂತ ಮಾಡಿ ನಮ್ಮ ಕಡೆಯ ಊರಿಗೆ ತಂದರೆ ಯಾವ ವಿವರಣೆಯೂ ಬೇಡ. ಪ್ರೇಕ್ಷಕರಿಗೆ ತಕ್ಷಣ ತಟ್ಟುತ್ತೆ.

ನೇಪಥ್ಯ
ನಾಟಕದ ಮೊದಲ ಸಾಲೇ ಹೇಳುತ್ತೆ, ಎರಡು ಮನೆತನ, ಘನತೆಯಲ್ಲಿ ಎರಡೂ ಸಮ. ಜಗಳದ ಕಾರಣ ಕೊನೇವರೆಗೂ ಹೇಳಲ್ಲ. ರಾಜ ಎಸ್ಕಲಸ್ "ಪೊಳ್ಳು ಮಾತಿನಿಂದ ಹುಟ್ಟಿದ ಮೂರು ಗಲಭೆ" ಅಂತಾನೆ, ಅಷ್ಟೇ. ಜಾತಿಯಲ್ಲಿ ಮೇಲು–ಕೆಳಗು ಇದೆ, ಸಮಾನರ ಹಗೆ ಅಲ್ಲ ಅದು. ಆಗ ಹುಡುಗನಿಗೆ ಬರೋ ಅಪಾಯವೂ ಹುಡುಗಿಗೆ ಬರೋ ಅಪಾಯವೂ ಬೇರೆ ಬೇರೆ ಆಗುತ್ತೆ, ಎರಡೂ ಕಡೆಗೂ ಸಮನಾಗಿ ಶಿಕ್ಷೆ ಕೊಡೋ ರಾಜ ಸುಳ್ಳಾಗ್ತಾನೆ. ಎಲ್ಲಕ್ಕಿಂತ ಕೊನೆಯಲ್ಲಿ ಇಬ್ಬರು ಅಪ್ಪಂದಿರು ಕೈ ಹಿಡಿದು ಪರಸ್ಪರರ ಮಕ್ಕಳಿಗೆ ಚಿನ್ನದ ಪ್ರತಿಮೆ ಮಾಡಿಸೋ ಮಾತಾಡೋದು. ಜಾತಿಯ ಕೊಲೆ ಆದ ಮೇಲೆ ಆ ರಾಜಿ ತೋರಿಸೋದು ಸತ್ತವರಿಗೆ ಮಾಡೋ ಅನ್ಯಾಯ.

ಹೊಸಪರದೆ
ಕೊನೆ ಬದಲಿಸಿದರೆ ಆಯ್ತು. ಪ್ರತಿಮೆ ಬೇಡ, ಎರಡು ಶವ, ದೀಪ ಆರಲಿ.

ನೇಪಥ್ಯ
ಮಾಡಬಹುದು, ಆದರೆ ಆಗ ಅದು ಬೇರೆ ನಾಟಕ. ಸಮಾನರ ಹಗೆ ಅಂತ ಕಟ್ಟಿದ ಯಂತ್ರಕ್ಕೆ ಜಾತಿಯ ಹೊರೆ ಹೇರಬೇಡಿ, ಅದಕ್ಕಾಗಿಯೇ ಹೊಸತು ಬರೀರಿ. ನಾನೇ ಮೊದಲ ಸಾಲಿನಲ್ಲಿ ಕೂತು ನೋಡ್ತೀನಿ.

ಸೈಡ್‌ವಿಂಗ್
ಕೊನೆ ಬದಲಿಸೋದು ಹೊಸದಲ್ಲ. 19ನೇ ಶತಮಾನದ ಕೊನೆಯಲ್ಲಿ ಕನ್ನಡಕ್ಕೆ ಬಂದ 'ರಾಮವರ್ಮ ಲೀಲಾವತಿ' ಇದೇ ನಾಟಕದ ರೂಪಾಂತರ. ಅಲ್ಲಿ ವಿಷ್ಣುವಿನ ಕೃಪೆಯಿಂದ ಪ್ರೇಮಿಗಳು ಮತ್ತೆ ಜೀವ ಪಡೀತಾರೆ. ಸಂಸ್ಕೃತ ನಾಟಕದ ಕಟ್ಟು ಹಿಡಿದವರಿಗೆ ರಂಗದ ಮೇಲೆ ನಾಯಕ ನಾಯಕಿ ಸಾಯೋದು ಒಪ್ಪಿಗೆ ಇರಲಿಲ್ಲ.

ಲಂಡನ್ನಿನಲ್ಲೂ ಅಷ್ಟೇ. 1748ರಲ್ಲಿ ಡೇವಿಡ್ ಗ್ಯಾರಿಕ್ ತನ್ನ ಪ್ರತಿಯಲ್ಲಿ ರೋಮಿಯೋ ಸಾಯೋ ಮುಂಚೆಯೇ ಜೂಲಿಯೆಟ್‌ಗೆ ಎಚ್ಚರ ಮಾಡಿಸಿ ಇಬ್ಬರಿಗೂ ಒಂದು ಸಂಭಾಷಣೆ ಬರೆದ. ದಶಕಗಟ್ಟಲೆ ಜನ ನೋಡಿದ್ದು ಅದನ್ನೇ. 1845ರಲ್ಲಿ ಷಾರ್ಲೆಟ್ ಕುಷ್‌ಮನ್ ಅನ್ನೋ ನಟಿ ತಾನೇ ರೋಮಿಯೋ ಆಗಿ, ತಂಗಿಯನ್ನು ಜೂಲಿಯೆಟ್ ಮಾಡಿ, ಷೇಕ್ಸ್‌ಪಿಯರನ ಕೊನೆಯನ್ನು ವಾಪಸ್ ತಂದಳು.

ಬೆಳಕಿನ_ಕಂಬ
ಇಬ್ಬರೂ ಕೊನೇ ಸಲ ಮಾತಾಡೋದು ರಂಗಕ್ಕೆ ಚೆನ್ನಾಗೇ ಇರುತ್ತಲ್ವಾ?

ಹಳೇ_ಪ್ರತಿ
ಇಲ್ಲ. ಮೂಲದಲ್ಲಿ ಅವಳು ಎಚ್ಚರವಾಗುವಾಗ ಅವನ ತುಟಿ ಇನ್ನೂ ಬೆಚ್ಚಗಿದೆ. "ನಿನ್ನ ತುಟಿ ಬಿಸಿಯಿದೆ" ಅನ್ನೋದು ಅವಳ ಮಾತು. ಕೆಲವೇ ನಿಮಿಷದ ಅಂತರ. ರೋಮಿಯೋ ಕೂಡ ಅವಳ ಕೆನ್ನೆ ತುಟಿ ಇನ್ನೂ ಕೆಂಪಗಿದೆ ಅಂತಾನೆ, ಬಣ್ಣ ವಾಪಸ್ ಬರ್ತಿರೋದನ್ನು ಕಣ್ಣಾರೆ ನೋಡ್ತಾ ಅರ್ಥ ಮಾಡಿಕೊಳ್ಳಲ್ಲ. ಸಭೆಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಸಂಭಾಷಣೆ ಹಾಕಿದರೆ ಈ ಹಿಂಸೆ ಕರಗುತ್ತೆ.

ಕತ್ತಿವರಸೆ
3.1ರ ಬಗ್ಗೆ ಯಾರೂ ಮಾತಾಡಿಲ್ಲ. ತೋಳಿನ ಕೆಳಗಿನ ಚುಚ್ಚು ಅತಿ ಅಪಾಯದ ಚಲನೆ, ಮೂವರು ಒಂದೇ ಜಾಗದಲ್ಲಿರ್ತಾರೆ.

ರೋಮಿಯೋ ಪ್ರೇಕ್ಷಕರ ಕಡೆ ಬೆನ್ನು ಮಾಡಿ ಮರ್ಕ್ಯೂಷಿಯೋನನ್ನು ತಡೀತಾನೆ, ಬಲಗೈ ಭುಜದೆತ್ತರಕ್ಕೆ ಚಾಚಿ. ಟಿಬಾಲ್ಟ್‌ನ ಅಲಗು ಮರ್ಕ್ಯೂಷಿಯೋನ ದೇಹದ ಹಿಂಬದಿಗೆ, ಅಂದರೆ ಸಭೆಗೆ ಕಾಣದ ಪಕ್ಕಕ್ಕೆ, ಪಕ್ಕೆಯಿಂದ ಒಂದು ಗೇಣು ಆಚೆ ಹೋಗಬೇಕು. ಮೈ ಮುಟ್ಟಲೇಬಾರದು. ಚುಚ್ಚುವ ಮೊದಲು ಟಿಬಾಲ್ಟ್ ಮತ್ತು ಮರ್ಕ್ಯೂಷಿಯೋ ಕಣ್ಣಿಗೆ ಕಣ್ಣು ಕೂಡಿಸಬೇಕು. ಏಟು ಬಿತ್ತು ಅಂತ ಸಭೆಯನ್ನು ನಂಬಿಸೋದು ಪೆಟ್ಟು ತಿನ್ನೋನ ಕೆಲಸ, ಹೊಡೆಯೋನದಲ್ಲ. ಅಲಗಿನ ಅಂಚು ಮೊಂಡು, ತುದಿ ದುಂಡಗೆ ತಿಕ್ಕಿರಬೇಕು. ಮೊದಲ ವಾರ ಕೋಲು ಹಿಡಿದು ಅರ್ಧ ವೇಗ, ಆಮೇಲೆ ಮುಕ್ಕಾಲು. ಪೂರ್ತಿ ವೇಗ ಯಾವತ್ತೂ ಬೇಡ, ಮುಕ್ಕಾಲೇ ಸಭೆಗೆ ಪೂರ್ತಿ ಕಾಣುತ್ತೆ. ಪ್ರತಿ ಪ್ರದರ್ಶನದ ಮುಂಚೆ ಆ ಕಾಳಗ ಒಂದು ಸಲ ನಿಧಾನಕ್ಕೆ ಆಡಲೇಬೇಕು.

ರಕ್ತಕ್ಕೆ ಲಿಕ್ವಿಡ್ ಗ್ಲೂಕೋಸ್, ಕೆಂಪು ಆಹಾರ ಬಣ್ಣ, ಚಿಟಿಕೆ ಕೋಕೋ ಪುಡಿ. ಕೋಕೋ ಇಲ್ಲದಿದ್ದರೆ ದೀಪದಲ್ಲಿ ಗುಲಾಬಿ ಬಣ್ಣ ಹೊಡೆಯುತ್ತೆ. ಮರ್ಕ್ಯೂಷಿಯೋಗೆ ತೀರಾ ಸ್ವಲ್ಪ ಸಾಕು. ಬಾವಿಯಷ್ಟು ಆಳ ಇಲ್ಲ, ಚರ್ಚಿನ ಬಾಗಿಲಷ್ಟು ಅಗಲ ಇಲ್ಲ ಅಂತ ಗಾಯದ ಬಗ್ಗೆ ಅವನೇ ಹೇಳ್ತಾನೆ. ಗೆಳೆಯರು ತಮಾಷೆ ಅಂದ್ಕೊಂಡಿರೋ ಹೊತ್ತಿಗೆ ಅಂಗಿ ತುಂಬಾ ರಕ್ತ ಕಂಡರೆ ದೃಶ್ಯ ಕೆಟ್ಟಿತು.

ಬೆಳಕಿನ_ಕಂಬ
ಬಾಲ್ಕನಿಗೆ ಎಷ್ಟು ಎತ್ತರ ಬೇಕು? ಆರು ಅಡಿ ಸಾಕಾ?

ಹಳೇ_ಪ್ರತಿ
ಪಠ್ಯದಲ್ಲಿ ಬಾಲ್ಕನಿಯೇ ಇಲ್ಲ, ಇರೋದು ಕಿಟಕಿ. ಇವತ್ತು ವೆರೋನಾದಲ್ಲಿ ಪ್ರವಾಸಿಗಳು ಫೋಟೋ ತೆಗೆಸಿಕೊಳ್ಳೋ ಬಾಲ್ಕನಿಯನ್ನು 1930ರ ದಶಕದಲ್ಲಿ ಹಳೇ ಮನೆಗೆ ಜೋಡಿಸಿದ್ದು. ನಿಮಗೆ ಬೇಕಾದ್ದು ಒಂದು ಎತ್ತರದ ಅಂತಸ್ತು, ಅಷ್ಟೇ. 2.2, 3.4ರ ಮೇಲ್ಮನೆ, 3.5ರ ವಿದಾಯ ಮೂರಕ್ಕೂ ಅದೇ.

ಗ್ರೀನ್‌ರೂಮ್
ಆರು ಅಡಿ ಕಟಕಟೆಗೆ ಹಗ್ಗದ ಏಣಿ ಕಟ್ಟಿದರೆ ತೂಗಾಡುತ್ತೆ, ಕೆಳಗಿನ ತುದಿಗೂ ಗಂಟು ಬೇಕು. ಐದು ಅಡಿ ಮಾಡಿ, ಕೈ ಚಾಚಿದರೂ ಬೆರಳು ತಾಗದ ಹಾಗಿರಲಿ, ಸಾಕು.

4.4ರ ಪ್ರಶ್ನೆಗೆ ನನ್ನ ಉತ್ತರ. ಜೂಲಿಯೆಟ್ ಔಷಧಿ ಕುಡಿದು ಬಿದ್ದ ಹಾಸಿಗೆಯನ್ನು ರಂಗದಿಂದ ತೆಗೀಬೇಡಿ. ತೆಳು ಪರದೆ ಎಳೀರಿ, ಹಿಂದೆ ಒಂದು ಮಂದ ದೀಪ. ಅದರ ಮುಂದೆಯೇ ಅಡುಗೆಮನೆ. ಒಬ್ಬಳು ಖರ್ಜೂರ ಕೇಳ್ತಾಳೆ, ಇನ್ನೊಬ್ಬ ಸೌದೆ ಹೊತ್ತು ಬರ್ತಾನೆ, ಮೂರು ಗಂಟೆ ಹೊಡೀತು ಅಂತ ಅಪ್ಪ ಕೂಗ್ತಾನೆ, ಖರ್ಚಿಗೆ ಹಿಂದೆಮುಂದೆ ನೋಡಬೇಡಿ ಅಂತಾನೆ. ಇಡೀ ನಾಟಕದಲ್ಲಿ ಆ ಮನೆ ಇಷ್ಟು ಸಂತೋಷವಾಗಿ ಇನ್ನೆಲ್ಲೂ ಕಾಣಲ್ಲ. ಪರದೆ ಹಿಂದೆ ಮಗಳು ಅಲುಗಾಡದೆ ಬಿದ್ದಿದಾಳೆ. 28 ಸಾಲು, ಹೆಚ್ಚೂಕಡಿಮೆ ಎರಡು ನಿಮಿಷ. ಇದನ್ನು ಬಿಟ್ಟು ಏನು ಉಳಿಸ್ತೀರಿ?

ಅದೇ ಹಾಸಿಗೆಯೇ ಗೋರಿಯ ಕಲ್ಲು ಆಗಲಿ, ಹೊದಿಕೆ ಮಾತ್ರ ಬದಲಿಸಿ. ಜೂಲಿಯೆಟ್ ಸತ್ತಂತೆ ಮಲಗಬೇಕಾದ ಹೊತ್ತು ಬಹಳ, ಉಸಿರು ಕಾಣುತ್ತೆ. ಎದೆಯಿಂದ ಅಲ್ಲ, ಹೊಟ್ಟೆಯಿಂದ ಉಸಿರಾಡಬೇಕು, ಹೊಟ್ಟೆ ಮೇಲೆ ನೆರಿಗೆ ಬಿಟ್ಟ ಸಡಿಲ ಬಟ್ಟೆ. ಪಕ್ಕದಿಂದ ದೀಪ ಬಿಟ್ಟರೆ ಪ್ರತಿ ಉಸಿರಿನ ನೆರಳು ಬೀಳುತ್ತೆ, ಮೇಲಿನಿಂದ ಬಿಡಿ. ತಲೆ ಪ್ರೇಕ್ಷಕರ ಕಡೆ ಇದ್ದರೆ ಕಣ್ರೆಪ್ಪೆ ಅದುರೋದು ಕಾಣಲ್ಲ.

ಸೈಡ್‌ವಿಂಗ್
ಸಲಕರಣೆ ಪಟ್ಟಿ ಮರೀಬೇಡಿ. ಪ್ಯಾರಿಸ್‌ಗೆ ಹೂವು, ಪನ್ನೀರು, ಪಂಜು. ರೋಮಿಯೋಗೆ ಪಂಜು, ಗುದ್ದಲಿ, ಮೀಟುಗೋಲು, ಅಪ್ಪನಿಗೆ ಬರೆದ ಪತ್ರ, ವಿಷದ ಸೀಸೆ. ಲಾರೆನ್ಸ್‌ಗೆ ಲಾಂದ್ರ, ಹಾರೆ, ಸನಿಕೆ. ಎರಡೂ ಸೀಸೆ ಗಾಜಿನದು ಬೇಡ, ಅಕ್ರಿಲಿಕ್ ಇರಲಿ. ಆಕಾರ ಮಾತ್ರ ಬೇರೆ ಬೇರೆ ಇರಲಿ, ಇಲ್ಲದಿದ್ದರೆ ಪಾದ್ರಿಯ ಔಷಧಿಯನ್ನೇ ರೋಮಿಯೋ ಕುಡಿದ ಅಂತ ಹಿಂದಿನ ಸಾಲಿನವರು ತಿಳೀತಾರೆ.

ಮೂರನೇ_ಬೆಲ್
12 ಜನಕ್ಕೆ ಪಾತ್ರ ಹಂಚೋದು ಹೇಗೆ?

ಸೈಡ್‌ವಿಂಗ್
ಮರ್ಕ್ಯೂಷಿಯೋ 3.1ರಲ್ಲಿ ಮುಗೀತಾನೆ, ಔಷಧಿ ಮಾರುವವನಾಗಿ 5.1ಕ್ಕೆ ಬರಲಿ. ಟಿಬಾಲ್ಟ್ ಆದವನು ಪಾದ್ರಿ ಜಾನ್. ರೋಮಿಯೋನ ಸೋದರಸಂಬಂಧಿ ಬೆನ್ವೋಲಿಯೋ 3.1ರ ನಂತರ ಮಾಯ, ಅವನೇ ಬಾಲ್ತಜಾರ್ ಆಗಬಹುದು. ಲೇಡಿ ಮಾಂಟೆಗ್ಯೂ ಕೊನೆಯಲ್ಲಿ ಬರೋದಿಲ್ಲ, ಮಗನ ಗಡೀಪಾರಿನ ದುಃಖದಲ್ಲಿ ಅದೇ ರಾತ್ರಿ ಸತ್ತಳು ಅಂತ ಗಂಡ ಹೇಳ್ತಾನೆ. ನಟ ಬೇರೆ ವೇಷದಲ್ಲಿ ಬೇಕಾಗಿದ್ದಿರಬಹುದು.

ಹಳೇ_ಪ್ರತಿ
ಮೊದಲ ಕ್ವಾರ್ಟೊದಲ್ಲಿ ಅದೇ ಜಾಗದಲ್ಲಿ ಬೆನ್ವೋಲಿಯೋನೂ ಸತ್ತ ಅಂತ ಒಂದು ಸಾಲಿದೆ. ಯಾರಾದ್ರೂ "ಅವನೆಲ್ಲಿ ಹೋದ" ಅಂತ ಕೇಳಿದರೆ ಆ ಸಾಲು ಸೇರಿಸಿಕೊಳ್ಳಿ.

ಕರಿಕೋಟು
ಜೂಲಿಯೆಟ್ ವಯಸ್ಸು ಏನು ಮಾಡ್ತೀರಿ? ಬ್ರೂಕ್‌ನಲ್ಲಿ 16, ಷೇಕ್ಸ್‌ಪಿಯರ್ 14 ಕೂಡ ತುಂಬದವಳು ಅಂತ ಮಾಡಿದಾನೆ. ಆಗಿನ ಚರ್ಚ್ ಕಾನೂನಿನಲ್ಲಿ ಹುಡುಗಿಗೆ 12 ಸಾಕಿತ್ತು ನಿಜ, ಆದರೆ ಇಂಗ್ಲೆಂಡಿನ ಸಾಮಾನ್ಯ ಜನ ಇಪ್ಪತ್ತರ ದಶಕದ ನಡುವೆ ಮದುವೆಯಾಗ್ತಿದ್ದರು. ಅವನ ಪ್ರೇಕ್ಷಕರಿಗೂ 13 ಸಣ್ಣದೇ.

ನೇಪಥ್ಯ
ನಟಿ ವಯಸ್ಕಳೇ ಇರಲಿ. ಸಂಖ್ಯೆಯನ್ನು ಮಾತ್ರ ಅಳಿಸಬೇಡಿ. "ನನ್ನ ಮಗಳಿಗೆ ಲೋಕ ಹೊಸದು" ಅನ್ನೋ ಅಪ್ಪ ಎರಡೇ ದಿನಕ್ಕೆ ಆ ಮಗುವಿಗೆ ಮದುವೆ ಹೇರ್ತಾನೆ. ವಯಸ್ಸು ಕೇಳಿಸಿದರೆ ಮಾತ್ರ ಆ ಅವಸರ ಎಷ್ಟು ಭಯಂಕರ ಅಂತ ಗೊತ್ತಾಗೋದು.

ಬೆಳಕಿನ_ಕಂಬ
ಕೊನೇಲಿ ಲಾರೆನ್ಸ್ "ಚುಟುಕಾಗಿ ಹೇಳ್ತೀನಿ" ಅಂದು 40 ಸಾಲು ಮಾತಾಡ್ತಾನಲ್ಲ, ಅದಾದ್ರೂ ತೆಗೀಬಹುದಾ? ಸಭೆ ಎಲ್ಲಾ ನೋಡಿಯಾಗಿದೆ.

ಧಾರವಾಡದ_ಓದುಗ
ಸಭಾ ನೋಡೇದ, ಅಪ್ಪ ನೋಡಿಲ್ಲಲ್ರೀ! ಆ ಮಾತಿನ್ಯಾಗs ಕ್ಯಾಪುಲೆಟ್‌ಗೆ ತಿಳೀತದ, ಮಗಳು ಟಿಬಾಲ್ಟ್ ಸಲುವಾಗಿ ಅಳಲಿಲ್ಲ, ಗಂಡನ ಸಲುವಾಗಿ ಅತ್ತಳು. ನೀನು ಬಲವಂತದ ಮದುವಿ ಮಾಡಾಕ ಹೋದಿ ಅಂತ ಪಾದ್ರಿ ಅವನ ಮಾರಿ ಮುಂದs ಹೇಳ್ತಾನ. 40ರಾಗ 12 ಸಾಲು ಇಡ್ರಿ, ದೀಪ ಪಾದ್ರಿ ಮ್ಯಾಲೆ ಬ್ಯಾಡ, ಅಪ್ಪನ ಮಾರಿ ಮ್ಯಾಲೆ ಹಾಕ್ರಿ.

ಬೆಳಕಿನ_ಕಂಬ
ಇದು ಒಪ್ಪಿದೆ. ಪಾದ್ರಿಯ ಬೆನ್ನು ಸಭೆಗೆ, ಅಪ್ಪನಿಗೆ ಒಂದು ಸ್ಪಾಟ್. ಆದರೆ 4.2 ಬಗ್ಗೆ ಇನ್ನೂ ನನ್ನ ತಕರಾರಿದೆ, 47 ಸಾಲು ಜಾಸ್ತಿ.

ನೇಪಥ್ಯ
25ಕ್ಕೆ ಇಳಿಸಿ. ಅಡುಗೆಯವರನ್ನು ಕರೆಸೋ ಮಾತು ತೆಗೀರಿ. ಮಂಡಿಯೂರೋದು, "ನಾಳೆಯೇ", ತಾಯಿಯ "ಗುರುವಾರ ಸಾಕು", ಕೊನೆಗೆ ಅಪ್ಪನ "ನನ್ನ ಮನಸ್ಸು ಎಷ್ಟು ಹಗುರ ಆಯ್ತು". ಈ ನಾಲ್ಕು ಇದ್ದರೆ ಸಾಕು.

ಮೂರನೇ_ಬೆಲ್
ಹೀಗೆ ಮಾಡ್ತೀನಿ: 3.4 ಪೂರ್ತಿ, ಮೇಲ್ಮನೆಯಲ್ಲಿ ಪ್ರೇಮಿಗಳು ಕಾಣೋ ಹಾಗೆ. 4.2 25 ಸಾಲು, 4.4 ಪೂರ್ತಿ ಪರದೆಯ ಮುಂದೆ, 5.2 ಮೂವತ್ತರಲ್ಲಿ 18. ಜಾಗಕ್ಕಾಗಿ ಕನಸು ತರೋ ಯಕ್ಷಿಣಿ ಮ್ಯಾಬ್ ರಾಣಿಯ ಬಗ್ಗೆ ಮರ್ಕ್ಯೂಷಿಯೋ ಆಡೋ ಮಾತನ್ನು ಅರ್ಧ ಮಾಡ್ತೀನಿ.

ಕತ್ತಿವರಸೆ
ಮ್ಯಾಬ್ ರಾಣಿಯನ್ನು ಮುಟ್ಟಿದರೆ ಮರ್ಕ್ಯೂಷಿಯೋ ಮಾಡೋ ನಟ ಬಿಟ್ಟು ಹೋಗ್ತಾನೆ. ರೋಮಿಯೋ ಮೊದಲು ಪ್ರೀತಿಸ್ತಿದ್ದ ರೋಸಲೈನ್‌ಗಾಗಿ ಕೊರಗೋದನ್ನು ಕತ್ತರಿಸಿ, ಅದರಲ್ಲೇ 40 ಸಾಲು ಸಿಗುತ್ತೆ.

ಹಳೇ_ಪ್ರತಿ
ರೋಸಲೈನ್ ಹೆಸರು ಕನಿಷ್ಠ ಎರಡು ಸಲ ಬರಬೇಕು, ಇಲ್ಲದಿದ್ದರೆ 2.3ರಲ್ಲಿ ಲಾರೆನ್ಸ್ "ಇಷ್ಟು ಬೇಗ ಅವಳನ್ನು ಬಿಟ್ಟೆಯಾ" ಅಂತ ಬೈಯೋದು ಯಾರಿಗೂ ಅರ್ಥ ಆಗಲ್ಲ. ಉಳಿದದ್ದು ತೆಗೀರಿ.